ಪಾಯಿಂಟಿನ ಟಿಕೆಟು ಎಲ್ಲಿಯವರೆಗೆ?

ಕೂಡಿಟ್ಟ ಪಾಯಿಂಟುಗಳಿಂದ ವಿಮಾನದ ಟಿಕೆಟು ಮಾಡಿಸಿ, ಆಮೇಲೆ ಅದಕ್ಕೆ ಇನ್ನೊಂದು ವಿಮಾನ ಸೇರಿಸಿಕೊಳ್ಳುವ ಪದ್ಧತಿ ವಿದೇಶದಲ್ಲಿರುವ ನಮ್ಮವರಲ್ಲಿ ಬೆಳೆದಿದೆ. ಟೊರಾಂಟೊದಿಂದ ದೆಹಲಿಗೆ ಮಾಡಿಸಿದ್ದ ಟಿಕೆಟು ಕೆಲವು ತಿಂಗಳ ಮೇಲೆ ದೆಹಲಿ ದಾಟಿ ಪುಣೆಗೋ ಗೋವಾಕ್ಕೋ ಬೆಂಗಳೂರಿಗೋ ಮುಂದುವರಿಯುತ್ತದೆ. ಹೆಚ್ಚಿನ ಪಾಯಿಂಟು ಹೋಗುವುದಿಲ್ಲ, ಹೋದರೂ ಸ್ವಲ್ಪವೇ. ಇದನ್ನು ಜಾಣತನವೆಂದು ಕೊಂಡಾಡುವವರಿದ್ದಾರೆ, ದುರಾಸೆಯೆಂದು ಮೂಗು ಮುರಿಯುವವರೂ ಇದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಡೆಯಿಂದ ನೋಡುವ ನನಗೆ ಈ ಪದ್ಧತಿ ಅಗತ್ಯದ್ದು, ನ್ಯಾಯವಾದದ್ದು ಎನಿಸುತ್ತದೆ. ಆದರೆ ನಮ್ಮವರು ಅದನ್ನು ಬಳಸುತ್ತಿರುವ ರೀತಿ ಬಹುಪಾಲು ತಪ್ಪು. ಅದನ್ನು ಕೊಡುವ ಕಂಪನಿಗಳು ನಡೆದುಕೊಳ್ಳುವ ರೀತಿ ಇನ್ನೂ ತಪ್ಪು.

ಅಗತ್ಯ ಏಕೆ ಎಂಬುದನ್ನು ಮೊದಲು ನೋಡಬೇಕು. ಪಾಯಿಂಟಿಗೆ ಸಿಗುವ ಸೀಟುಗಳು ಪ್ರಯಾಣಕ್ಕೆ ಸುಮಾರು ಹನ್ನೊಂದು ತಿಂಗಳ ಮೊದಲೇ ತೆರೆಯುತ್ತವೆ. ಡಿಸೆಂಬರ್ ರಜೆಯ ಸೀಟುಗಳಂತೂ ತೆರೆದ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತವೆ. ನಮ್ಮ ಕಡೆಯ ಮನೆಗಳ ಲೆಕ್ಕ ಹಾಗೆ ನಡೆಯುವುದಿಲ್ಲ. ತಂಗಿಯ ಮದುವೆಯ ಮುಹೂರ್ತ ಮೂರು ತಿಂಗಳಿರುವಾಗ ಗೊತ್ತಾಗುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಯನ್ನು ಹಿಡಿದು ಬರುತ್ತದೆ, ಕ್ಯಾಲೆಂಡರಿನ ತಾರೀಖನ್ನಲ್ಲ. ಅಪ್ಪನ ಮೊಣಕಾಲಿನ ಆಪರೇಷನ್ನು ಮಿರಜದಲ್ಲೋ ಬೆಳಗಾವಿಯಲ್ಲೋ ಎಂಬುದು ಕೊನೆಯ ವಾರದವರೆಗೂ ತೀರ್ಮಾನವಾಗಿರುವುದಿಲ್ಲ. ಹಾಗಾಗಿ ಜನ ಮೊದಲು ಉದ್ದದ ವಿಮಾನವನ್ನು ಹಿಡಿದಿಟ್ಟುಕೊಳ್ಳುತ್ತಾರೆ. "ದಿಲ್ಲಿತನಕಾ ಆಗೇದವ್ವಾ, ಮುಂದಿಂದು ಆಮ್ಯಾಲೆ ನೋಡ್ತೀನಿ" ಎಂದು ಫೋನಿನಲ್ಲಿ ಹೇಳುತ್ತಾರೆ. ಆ 'ಮುಂದಿಂದು' ಟಿಕೆಟಿನೊಳಗೆ ಬರುತ್ತದೆಯೋ ಹೊರಗೆ ಉಳಿಯುತ್ತದೆಯೋ ಎಂಬುದರ ಮೇಲೆ ಪ್ರಯಾಣದ ಸುಖದುಃಖವೆಲ್ಲ ನಿಂತಿದೆ.

ಹೊರಗೆ ಉಳಿದರೆ ಏನಾಗುತ್ತದೆ? ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿಗೆ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಮುಂದಿನ ವಿಮಾನ ಅದೇ ಟಿಕೆಟಿನಲ್ಲಿದ್ದರೆ ತಪ್ಪಿದ ಪ್ರಯಾಣವನ್ನು ಸರಿಪಡಿಸಿಕೊಡುವ ಹೊಣೆ ಕಂಪನಿಯದು. ಬೇರೆ ಟಿಕೆಟಾಗಿದ್ದರೆ ಎರಡನೆಯ ಕಂಪನಿಗೆ ನಿಮ್ಮ ತಡದ ಕಾರಣವೇ ಬೇಕಾಗಿಲ್ಲ, ದುಡ್ಡು ಹೋದಂತೆಯೇ. ಸಾಮಾನಿನ ಮಾತು ಇನ್ನೂ ದೊಡ್ಡದು. ಅಮೆರಿಕ, ಕೆನಡಾಗಳಿಂದ ಬರುವವರಿಗೆ ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆ ತರಲು ಅವಕಾಶವಿರುತ್ತದೆ. ದೇಶದೊಳಗಿನ ಅಗ್ಗದ ಟಿಕೆಟಿನಲ್ಲಿ ಸಿಗುವುದು 15 ಕಿಲೋ. ನಾಲ್ಕು ಜನರ ಸಂಸಾರ ಬೇರೆ ಟಿಕೆಟು ಮಾಡಿಸಿ ಮುಂದಕ್ಕೆ ಹೊರಟರೆ ಪೆಟ್ಟಿಗೆಗಳಿಗೆ ಕಟ್ಟುವ ದುಡ್ಡು ಟಿಕೆಟಿನ ದುಡ್ಡನ್ನೇ ಮೀರಬಹುದು. ಒಂದೇ ಟಿಕೆಟಿನಲ್ಲಿ ಮುಂದುವರಿದರೆ ಅಂತರರಾಷ್ಟ್ರೀಯ ಪ್ರಯಾಣದ ತೂಕವೇ ಕೊನೆಯವರೆಗೂ ನಡೆಯುತ್ತದೆ. ದೇಶಕ್ಕೆ ಕಾಲಿಟ್ಟ ಮೊದಲ ನಿಲ್ದಾಣದಲ್ಲಿ ಕಸ್ಟಮ್ಸ್‌ಗಾಗಿ ಪೆಟ್ಟಿಗೆ ಇಳಿಸಿಕೊಂಡು ಮತ್ತೆ ಒಪ್ಪಿಸುವ ಕೆಲಸ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದು ಬೇರೆ ಮಾತು.

ಅಥಣಿಯಿಂದ ಒಬ್ಬರೇ ಹೊರಡುವ ತಾಯಿಯನ್ನು ನೆನೆಸಿಕೊಳ್ಳಿ. ಮಗ ತನ್ನ ಪಾಯಿಂಟಿನಿಂದ ಟಿಕೆಟು ಮಾಡಿಸಿದ್ದಾನೆ. ಮುಂಬೈಯಲ್ಲಿ ಎರಡು ಟರ್ಮಿನಲ್‌ಗಳ ನಡುವೆ ಊರಿನ ರಸ್ತೆಯಲ್ಲೇ ಓಡಾಡಬೇಕು. ಎರಡು ಬೇರೆ ಟಿಕೆಟಿದ್ದರೆ ಆ ಅವಸ್ಥೆಯೆಲ್ಲ ಅವರದೇ. ಒಂದೇ ಟಿಕೆಟಿದ್ದರೆ ವೀಲ್‌ಚೇರಿನ ಸಹಾಯ ಒಂದು ವಿಮಾನದಿಂದ ಇನ್ನೊಂದಕ್ಕೆ ಅವರನ್ನು ಒಯ್ದು ಮುಟ್ಟಿಸುತ್ತದೆ. ಇದಕ್ಕಾಗಿ ಟಿಕೆಟನ್ನು ಮತ್ತೆ ತೆರೆಸುವ ಮಗನನ್ನು ಯಾರೂ ದುರಾಸೆಯವನೆನ್ನಬಾರದು.

ಸೇರಿಸುವ ಕೆಲಸ ಮಾತ್ರ ಸಲೀಸಲ್ಲ. ವಿಮಾನ ಕಂಪನಿಗಳು ನಡೆಸುವ ಪಾಯಿಂಟು ಕ್ಲಬ್ಬುಗಳಲ್ಲಿ ಯಾವುದರ ಪಾಯಿಂಟಿನಿಂದ ಟಿಕೆಟು ಹುಟ್ಟಿದೆಯೋ ಆ ಕ್ಲಬ್ಬೇ ಅದನ್ನು ಬದಲಿಸಬೇಕು. ಹಾರುವ ಕಂಪನಿ ಬೇರೆಯದಾಗಿದ್ದರೆ ಅದರ ಕೌಂಟರಿನವರ ಕೈಯಲ್ಲಿ ಏನೂ ಇರುವುದಿಲ್ಲ. ಬದಲಾವಣೆ ಎಂದರೆ ಹಳೆಯ ಟಿಕೆಟಿಗೆ ಒಂದು ಸಾಲು ಅಂಟಿಸುವುದಲ್ಲ, ಟಿಕೆಟನ್ನು ಹೊಸದಾಗಿ ಬರೆಯುವುದು. ಆಗ ತೆರಿಗೆಗಳನ್ನು ಮತ್ತೆ ಲೆಕ್ಕ ಹಾಕುತ್ತಾರೆ, ಪಾಯಿಂಟುಗಳಿಗೂ ಅಂದಿನ ದರ ಬೀಳಬಹುದು. ದೊಡ್ಡ ಅಪಾಯ ಇರುವುದು ಫೋನಿನ ಆ ತುದಿಯಲ್ಲಿ. ಅಲ್ಲಿ ಕೂತವರು ಹಳೆಯದನ್ನು ರದ್ದು ಮಾಡಿ ಹೊಸದಾಗಿ ಹುಡುಕತೊಡಗಿದರೆ, ಹನ್ನೊಂದು ತಿಂಗಳ ಹಿಂದೆ ಹಿಡಿದಿಟ್ಟಿದ್ದ ಉದ್ದದ ವಿಮಾನದ ಸೀಟು ಕೈಬಿಟ್ಟು ಹೋಗಬಹುದು. ಎರಡು ಗಂಟೆಯ ವಿಮಾನ ಸೇರಿಸಲು ಹೋಗಿ ಹದಿನಾಲ್ಕು ಗಂಟೆಯ ವಿಮಾನ ಕಳೆದುಕೊಳ್ಳುವುದು ಹೀಗೆ. ಇರುವ ಸೀಟುಗಳನ್ನು ಮುಟ್ಟದೆ ಹೊಸದನ್ನಷ್ಟೇ ಜೋಡಿಸಿ ಎಂದು ಮೊದಲ ಮಾತಿನಲ್ಲೇ ಹೇಳಬೇಕು, ಅವರು ಒಪ್ಪಿಕೊಂಡದ್ದನ್ನು ಕೇಳಿಸಿಕೊಂಡ ಮೇಲೆಯೇ ಮುಂದೆ ಹೋಗಬೇಕು. ಮೊದಲ ವಿಮಾನ ಹತ್ತಿದ ಮೇಲೆ ಸೇರಿಸುತ್ತೇನೆಂದು ಬಿಟ್ಟವರಿಗೆ ಹೆಚ್ಚಿನ ಕ್ಲಬ್ಬುಗಳಲ್ಲಿ ಬಾಗಿಲು ಮುಚ್ಚಿರುತ್ತದೆ.

ಇನ್ನು ದೂರದ ಲೆಕ್ಕ. ಏರ್ ಕೆನಡಾದ ಏರೋಪ್ಲಾನ್ ಕ್ಲಬ್ಬು 2020ರ ನವೆಂಬರಿನಲ್ಲಿ ತಂದ ಪಟ್ಟಿಯಲ್ಲಿ ಪಾಯಿಂಟುಗಳು ಹಾರುವ ಒಟ್ಟು ಮೈಲಿಯ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಉತ್ತರ ಅಮೆರಿಕದಿಂದ ಭಾರತದ ಕಡೆಗೆ ಬರುವ ಪ್ರಯಾಣಕ್ಕೆ 6,001ರಿಂದ 8,000 ಮೈಲಿ ಒಂದು ಮೆಟ್ಟಿಲು, ಅದರಾಚೆ ಇನ್ನೊಂದು. ಟೊರಾಂಟೊ–ದೆಹಲಿ ಸುಮಾರು 7,240 ಮೈಲಿ. ದೆಹಲಿಯಿಂದ ಪುಣೆಗೆ ಸುಮಾರು 720. ಕೂಡಿದರೆ 8,000ದ ಅಂಚಿನೊಳಗೇ ನಿಲ್ಲುತ್ತದೆ. ದೆಹಲಿಯಿಂದ ಗೋವಾಕ್ಕೆ 900 ಮೈಲಿ ಮೀರುವುದರಿಂದ ಆ ಅಂಚು ದಾಟಿಬಿಡುತ್ತದೆ, ಬೆಂಗಳೂರಾದರೆ ಇನ್ನೂ ಮುಂದೆ. ಅಂದರೆ ಒಬ್ಬನೇ ಮನುಷ್ಯ, ಅದೇ ಟಿಕೆಟಿಗೆ ಪುಣೆ ಸೇರಿಸಿದರೆ ಒಂದೂ ಪಾಯಿಂಟು ಹೆಚ್ಚಿಗೆ ಹೋಗದಿರಬಹುದು, ಬೆಂಗಳೂರು ಸೇರಿಸಿದರೆ ಮೇಲಿನ ಮೆಟ್ಟಿಲಿನ ದರ ತೆರಬೇಕು. ನಮ್ಮ ಭಾಗಕ್ಕೆ ಇದು ಒಳ್ಳೆಯ ಸುದ್ದಿ, ಏಕೆಂದರೆ ಬೆಂಗಳೂರಿಗಿಂತ ಪುಣೆಯೇ ನಮಗೆ ಹತ್ತಿರ.

ನಮ್ಮವರ ದೊಡ್ಡ ತಪ್ಪು ಇಲ್ಲಿದೆ. ಕನ್ನಡದವರು ಬೆಂಗಳೂರಿನಲ್ಲೇ ಇಳಿಯಬೇಕು ಎಂಬ ರೂಢಿ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬೆಂಗಳೂರಿನಿಂದ ನಿಪ್ಪಾಣಿ ಸುಮಾರು 580 ಕಿಲೋಮೀಟರು, ಪುಣೆಯಿಂದ ಸುಮಾರು 270. ಎರಡೂ ಒಂದೇ ಹೆದ್ದಾರಿಯ ಮೇಲಿವೆ. ಕಾಗವಾಡ, ಅಥಣಿಯವರಿಗೆ ಪುಣೆಯಿಂದ ಮಿರಜಕ್ಕೆ ರೈಲು ಇದೆ, ಮಿರಜದಿಂದ ಕಾಗವಾಡ ಇಪ್ಪತ್ತು ಕಿಲೋಮೀಟರಿನೊಳಗೆ. ನಿಪ್ಪಾಣಿ, ಚಿಕ್ಕೋಡಿಯವರಿಗೆ ಗೋವಾ ಇನ್ನೂ ಸಮೀಪ. 2023ರ ಜನವರಿಯಲ್ಲಿ ವಿಮಾನ ಸಂಚಾರ ಆರಂಭಿಸಿದ ಮೋಪಾ ನಿಲ್ದಾಣದಿಂದ ಅಂಬೋಲಿ ಘಾಟು ಹತ್ತಿ ಬಂದರೆ ನಾಲ್ಕು ತಾಸಿನ ಆಸುಪಾಸಿನಲ್ಲಿ ನಿಪ್ಪಾಣಿ. ಮಳೆಗಾಲದಲ್ಲಿ ಆ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ರಾಯಬಾಗದವರಿಗೆ ಮಾತ್ರ ಬೆಂಗಳೂರು ಪೂರ್ತಿ ತಪ್ಪಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಅಲ್ಲಿಂದ ಹೊರಟು ಮರುದಿನ ರಾಯಬಾಗ, ಕುಡಚಿಗೆ ತಂದು ಬಿಡುತ್ತದೆ. ಆರೆಂಟು ಪೆಟ್ಟಿಗೆಗಳಿದ್ದರೆ ಅದೂ ಕಷ್ಟವೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮವರು ಊರಿಗೆ ಬರುವ ಡಿಸೆಂಬರ್, ಜನವರಿ ಇಲ್ಲಿ ಕಬ್ಬು ನುರಿಸುವ ಕಾಲ. ಉಗಾರ, ಚಿಕ್ಕೋಡಿ, ರಾಯಬಾಗ, ಅಥಣಿಯ ಸುತ್ತಿನ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನಿದ್ದೆಗೆಟ್ಟು ದಣಿದ ಸಂಸಾರವೊಂದು ಆ ಕತ್ತಲಲ್ಲಿ ಕಾರಿನಲ್ಲಿ ಬರುವಂತೆ ವಿಮಾನ ಆರಿಸುವುದು ಜೀವದ ಜೊತೆ ಆಟ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಎರಡು ವಿಮಾನಗಳ ನಡುವೆ 24 ಗಂಟೆಯೊಳಗಿನ ಕಾಯುವಿಕೆಯನ್ನು ತಂಗುವಿಕೆಯೆಂದು ಎಣಿಸುವುದಿಲ್ಲ. ಆ ಸೌಲಭ್ಯ ಬಳಸಿ ದೆಹಲಿಯಲ್ಲಿ ರಾತ್ರಿ ಮಲಗಿ, ಬೆಳಗಿನ ವಿಮಾನ ಸೇರಿಸಿಕೊಂಡು, ಹಗಲಿನಲ್ಲೇ ಮನೆ ಸೇರುವಂತೆ ಮಾಡಿಕೊಳ್ಳಬೇಕು. ಟಿಕೆಟು ಬದಲಿಸುವ ಎಲ್ಲ ಕಾರಣಗಳಲ್ಲಿ ಇದನ್ನೇ ನಾನು ಮೊದಲಿಗಿಡುತ್ತೇನೆ.

ಕಂಪನಿಗಳ ಕಡೆಗೆ ಬರೋಣ. ಯುನೈಟೆಡ್ ಏರ್‌ಲೈನ್ಸ್ 2016ರಲ್ಲಿ ಒಂದು ಸೌಲಭ್ಯ ತಂದಿತ್ತು. ಹೋಗಿಬರುವ ಅವಾರ್ಡ್ ಟಿಕೆಟಿನ, ಅಂದರೆ ಪಾಯಿಂಟಿನ ಟಿಕೆಟಿನ, ನಡುವೆ ತಲುಪಿದ ಪ್ರದೇಶದೊಳಗಿನ ಒಂದು ವಿಮಾನ ಪುಕ್ಕಟೆ. ನ್ಯೂವರ್ಕ್‌ನಿಂದ ದೆಹಲಿಗೆ ಬಂದು, ಕೆಲ ದಿನ ಬಿಟ್ಟು ದೆಹಲಿಯಿಂದ ಬೆಂಗಳೂರಿಗೆ ಪಾಯಿಂಟಿಲ್ಲದೆ ಹಾರಿ, ಅಲ್ಲಿಂದ ಮರಳಿ ನ್ಯೂವರ್ಕ್‌ಗೆ ಹೋಗಬಹುದಿತ್ತು. 2025ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ವರ್ಷಗಟ್ಟಲೆ ಆ ಲೆಕ್ಕದ ಮೇಲೆ ಪಾಯಿಂಟು ಕೂಡಿಸಿದವರು ಏನೂ ಮಾಡುವಂತಿರಲಿಲ್ಲ. ನಮ್ಮ ದೇಶದಲ್ಲೂ ಪಾಯಿಂಟು ನಂಬಿದವರು ಏಟು ತಿಂದಿದ್ದಾರೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನೆಲ ಹಿಡಿದವು. ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ 2024ರಲ್ಲಿ ದೂರದ ಲೆಕ್ಕ ಬಿಟ್ಟು ಖರ್ಚಿನ ಲೆಕ್ಕಕ್ಕೆ ತಿರುಗಿತು, 2025ರಲ್ಲಿ ಮಹಾರಾಜ ಕ್ಲಬ್ ಆಯಿತು.

ರೈಲ್ವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 500 ಕಿಲೋಮೀಟರಿಗಿಂತ ದೂರದ ಟಿಕೆಟು ತೆಗೆದವನು ಮೊದಲ 500 ಕಿಲೋಮೀಟರು ದಾಟಿದ ಮೇಲೆ ಒಂದು ಕಡೆ ಇಳಿದು ಎರಡು ದಿನ ಉಳಿದು ಮುಂದೆ ಹೋಗಬಹುದು, 1,000 ಮೀರಿದರೆ ಎರಡು ಕಡೆ. ಸರ್ಕ್ಯುಲರ್ ಟಿಕೆಟಿನಲ್ಲಿ ಎಂಟು ಕಡೆಯವರೆಗೂ ಇಳಿಯಬಹುದು. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ದುಡ್ಡೂ ಉಳಿಯುತ್ತದೆ. ಟಿಕೆಟಿನ ಊರು ದಾಟಿ ಮುಂದೆ ಹೋಗಬೇಕಾದರೆ ಆ ಊರು ಬರುವ ಮೊದಲೇ ಟಿ.ಸಿ.ಗೆ ಹೇಳಿ ಹೆಚ್ಚಿನ ದರ ಕಟ್ಟಿದರಾಯಿತು. ಇಲ್ಲಿ ನಿಯಮ ಎಲ್ಲರಿಗೂ ಒಂದೇ. ಕುಡಚಿಯ ಕೂಲಿಕಾರನೂ ಉಗಾರದ ಸಕ್ಕರೆ ಕಾರ್ಖಾನೆಯ ಅಧಿಕಾರಿಯೂ ಅದನ್ನು ಹಕ್ಕಿನಿಂದ ಕೇಳುತ್ತಾರೆ. ವಿಮಾನದ ಕ್ಲಬ್ಬಿನಲ್ಲಿ ಅದೇ ಕೆಲಸ ಫೋನೆತ್ತಿದವರ ತಿಳಿವಳಿಕೆ ಮತ್ತು ಮರ್ಜಿಯ ಮೇಲೆ ನಡೆಯುತ್ತದೆ. ಪಾಯಿಂಟು ಪ್ರಯಾಣಿಕ ಖರ್ಚು ಮಾಡಿ ಗಳಿಸಿದ್ದು. ಅದರ ಮೇಲೆ ಅವನಿಗೆ ರೈಲಿನ ಸಾಮಾನ್ಯ ಟಿಕೆಟಿನಷ್ಟೂ ಅಧಿಕಾರವಿಲ್ಲ ಎಂದರೆ ಅದು ಅನ್ಯಾಯ.

ಹಾಗೆಂದು ಪ್ರಯಾಣಿಕರೆಲ್ಲ ಸಾಚಾ ಎಂದು ನಾನು ಹೇಳುವುದಿಲ್ಲ. ಹಾರುವ ಮನಸ್ಸಿಲ್ಲದಿದ್ದರೂ ಕೊನೆಗೊಂದು ವಿಮಾನ ಜೋಡಿಸಿ, ನಡುವಿನ ಊರಿನಲ್ಲೇ ಇಳಿದು ಹೋಗುವವರಿದ್ದಾರೆ. ಪುಕ್ಕಟೆಯಾಗಿ ಸಿಗುತ್ತದೆಂದು ಬೇಡದ ಊರುಗಳನ್ನು ಪೋಣಿಸುವವರಿದ್ದಾರೆ. ಆ ಸೀಟು ಖಾಲಿ ಹಾರುತ್ತದೆ, ನಿಜವಾಗಿ ಬೇಕಾಗಿದ್ದ ಇನ್ನೊಬ್ಬರಿಗೆ ಸಿಗುವುದಿಲ್ಲ. ಕಂಪನಿಗಳು ನಿಯಮ ಬಿಗಿ ಮಾಡಲು ಇವರೇ ನೆಪ. ಸಿಕ್ಕಿಬಿದ್ದರೆ ಖಾತೆಯೇ ಮುಚ್ಚಬಹುದು. ಈ ಚಾಳಿಗೆ ನನ್ನ ಬೆಂಬಲವಿಲ್ಲ.

ಕೊನೆಯ ಕೊರತೆ ನಮ್ಮ ಮಗ್ಗುಲಲ್ಲೇ ಇದೆ. ಬೆಳಗಾವಿಯ ಸಾಂಬ್ರಾ, ಕೊಲ್ಲಾಪುರದ ಉಜಳಾಯಿವಾಡಿ, ಎರಡೂ ಈ ತಾಲೂಕುಗಳಿಗೆ ಹತ್ತಿರದ ನಿಲ್ದಾಣಗಳು. ನಿಪ್ಪಾಣಿಯಿಂದ ಕೊಲ್ಲಾಪುರ ನಲವತ್ತೇ ಕಿಲೋಮೀಟರು. ಇಂಡಿಗೊ ಮತ್ತು ಸ್ಟಾರ್ ಏರ್ ಇಲ್ಲಿಗೆ ಹಾರುತ್ತವೆ. ಒಂದು ಕಂಪನಿಯ ಟಿಕೆಟಿನಲ್ಲಿ ಇನ್ನೊಂದರ ವಿಮಾನ ಸೇರಿಸಿಕೊಡುವ ಸ್ಟಾರ್ ಅಲಯನ್ಸ್ ಕೂಟಕ್ಕೆ ಎರಡೂ ಸದಸ್ಯರಲ್ಲ. ಹಾಗಾಗಿ ಏರ್ ಇಂಡಿಯಾ 2014ರಲ್ಲಿ ಆ ಕೂಟ ಸೇರಿದ್ದರಿಂದ ದೇಶಕ್ಕೆ ಬಂದ ಅನುಕೂಲ ಇಂದು ಸಾಂಬ್ರಾದ ಓಡುದಾರಿ ಮುಟ್ಟುತ್ತಿಲ್ಲ. ಹಿಂದೆ ಈ ಎರಡೂ ಊರುಗಳಿಗೆ ಹಾರುತ್ತಿದ್ದ ಅಲಯನ್ಸ್ ಏರ್ ಆಗ ಏರ್ ಇಂಡಿಯಾದ ಅಂಗವಾಗಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಸೇರಿದಾಗ ಅಲಯನ್ಸ್ ಏರ್ ಸರ್ಕಾರದ ಬಳಿಯೇ ಉಳಿಯಿತು. ಇಂಡಿಗೊದ ಬ್ಲೂಚಿಪ್ ಪಾಯಿಂಟುಗಳು ಇಂಡಿಗೊ ಹಾರುವ ಕಡೆ ಕೆಲಸಕ್ಕೆ ಬರುತ್ತವೆ, ಆದರೆ ಅದು ಬೇರೆ ಟಿಕೆಟು. ಮೇಲೆ ಹೇಳಿದ ತಡ, ತೂಕಗಳ ತೊಂದರೆ ಅದಕ್ಕೂ ಅಂಟಿಕೊಂಡೇ ಇರುತ್ತದೆ.

ಬೆಳಗಾವಿ, ಕೊಲ್ಲಾಪುರಗಳಿಗೆ ಹೊಸ ವಿಮಾನ ಬೇಕೆಂದು ನಮ್ಮ ಸಂಸದರೂ ವ್ಯಾಪಾರಿ ಸಂಘಗಳೂ ಮನವಿ ಕೊಡುತ್ತಲೇ ಇರುತ್ತಾರೆ. ಮುಂದಿನ ಮನವಿಯಲ್ಲಿ ಇನ್ನೆರಡು ಬೇಡಿಕೆ ಸೇರಲಿ. ದೆಹಲಿ, ಮುಂಬೈಗೆ ಬಂದಿಳಿಯುವ ಅವಾರ್ಡ್ ಟಿಕೆಟು ಸಾಂಬ್ರಾ, ಉಜಳಾಯಿವಾಡಿಯವರೆಗೂ ಒಂದೇ ಟಿಕೆಟಾಗಿ ನಡೆಯುವಂತೆ ಕಂಪನಿಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕು. ಹೊರಡುವ ಮುನ್ನ ಒಂದು ವಿಮಾನ ಸೇರಿಸಿಕೊಳ್ಳುವುದು ಪ್ರಯಾಣಿಕನ ಹಕ್ಕೆಂದು ನಿಯಮದಲ್ಲಿ ಬರೆಯಬೇಕು.