ಪತ್ರ ಬರೆಯದ ಕೇಳುಗ

ರೇಡಿಯೋ ಕಾರ್ಯಕ್ರಮಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ನಮ್ಮಲ್ಲಿ ಅಷ್ಟಾಗಿ ರೂಢಿಯಲ್ಲಿಲ್ಲ. ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ, ಸಿನಿಮಾ ಮತ್ತೆ ನೋಡಲು ಸಿಗುತ್ತದೆ; ಬಾನುಲಿಯ ಮಾತು ಹೇಳಿದ ಕ್ಷಣಕ್ಕೇ ಮುಗಿಯಿತು. ಅದರಲ್ಲೂ ಕ್ರೈಸ್ತ ಸಂಸ್ಥೆಗಳು ಮುಸ್ಲಿಂ ಕೇಳುಗರಿಗೆಂದೇ ದಶಕಗಳ ಕಾಲ ನಡೆಸಿದ ಪ್ರಸಾರಗಳ ಬಗ್ಗೆ ನಾನು ಓದಿದ ಬರಹಗಳು ಹೆಚ್ಚಾಗಿ ಎರಡೇ ಬಗೆಯವು: ಪ್ರಸಾರ ಮಾಡಿದವರ ಹೊಗಳಿಕೆ, ಇಲ್ಲವೇ ಮತಾಂತರದ ಹುನ್ನಾರವೆಂಬ ಕೂಗು. ಆ ಕಾರ್ಯಕ್ರಮ ಕಿವಿಗೆ ಹೇಗೆ ಕೇಳಿಸಿತು ಎಂಬ ಪ್ರಶ್ನೆ ಎರಡರಲ್ಲೂ ಇಲ್ಲ. ನಾನು ಕರಾವಳಿಯ ಮುಸ್ಲಿಂ, ಮಸ್ಕತ್ತಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಈ ಪ್ರಸಾರಗಳು ಯಾರಿಗೆಂದು ಹೊರಟಿದ್ದವೋ ಆ ಪೈಕಿಯವನು. ಕೇಳುಗನ ಕಡೆ ಕೂತು ನಾಲ್ಕು ಮಾತು ಹೇಳುವಷ್ಟು ಅಧಿಕಾರ ನನಗಿದೆ ಅಂದುಕೊಂಡಿದ್ದೇನೆ.

ಟ್ರಾನ್ಸ್ ವರ್ಲ್ಡ್ ರೇಡಿಯೋ 1954ರಲ್ಲಿ ಶುರುವಾದದ್ದು ಟ್ಯಾಂಜಿಯರ್‌ನಲ್ಲಿ. ಆಗ ಆ ಊರು ಅಂತರರಾಷ್ಟ್ರೀಯ ವಲಯ. ಮೊರಾಕ್ಕೊ ಸ್ವತಂತ್ರವಾದ ಮೇಲೆ ಖಾಸಗಿ ಬಾನುಲಿಗೆ ಅಲ್ಲಿ ಜಾಗ ಇಲ್ಲವಾಯಿತು. 1960ರಲ್ಲಿ ಕೇಂದ್ರ ಮೊನಾಕೋದ ಮಾಂಟೆ ಕಾರ್ಲೋಗೆ ಹೋಯಿತು. ಅಲ್ಲಿ ಸಿಕ್ಕಿದ ಕಟ್ಟಡ ಹಿಟ್ಲರನ ಆಡಳಿತ ತನ್ನ ಪ್ರಚಾರಕ್ಕೆಂದು ಕಟ್ಟಿಸಿದ್ದು. ಮೀಡಿಯಂ ವೇವ್ ಹಗಲಲ್ಲಿ ಬಹಳ ದೂರ ಹೋಗದು, ಕತ್ತಲಾದ ಮೇಲೆ ಮೇಲಿನ ವಾಯುಪದರಕ್ಕೆ ತಾಗಿ ಮರಳಿ ಸಮುದ್ರ ದಾಟುತ್ತದೆ. ಹಾಗಾಗಿ ಉತ್ತರ ಆಫ್ರಿಕಾದವರಿಗೆ ಅದು ಕೇಳಿಸುತ್ತಿದ್ದದ್ದು ರಾತ್ರಿ. ಮನೆಯವರು ಮಲಗಿದ ಮೇಲೆ, ದನಿ ತಗ್ಗಿಸಿಕೊಂಡು ಕೇಳಲು ಅನುಕೂಲವಾದ ಹೊತ್ತು. ನಮ್ಮ ಕಡೆಗೆ ಹತ್ತಿರವಾದದ್ದು ಸೆಶೆಲ್ಸ್ ದ್ವೀಪದ ಫೀಬಾ ರೇಡಿಯೋ. 1970ರಿಂದ 2003ರವರೆಗೆ ಅಲ್ಲಿಂದ ಶಾರ್ಟ್ ವೇವ್‌ನಲ್ಲಿ ಅರಬಿ, ಫಾರ್ಸಿ, ಉರ್ದು, ಜೊತೆಗೆ ಭಾರತದ ಹಲವು ಭಾಷೆಗಳು ಹೊರಟವು. ನನ್ನ ತಂದೆ ಸಿಲೋನ್ ಹುಡುಕುತ್ತಾ ಮುಳ್ಳು ತಿರುಗಿಸುವಾಗ ನಡುವೆ ಇಂಥ ದನಿಗಳು ಬಂದು ಹೋಗುತ್ತಿದ್ದವು. ಅವರು ಬೈಯುತ್ತಿರಲಿಲ್ಲ, ನಿಲ್ಲಿಸಿ ಕೇಳುತ್ತಲೂ ಇರಲಿಲ್ಲ.

ದನಿಯಿಂದಲೇ ಶುರುಮಾಡೋಣ. 1961ರಲ್ಲಿ ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್-ಹುಸರಿ ಇಡೀ ಕುರ್‌ಆನನ್ನು ಓದಿ ಧ್ವನಿಮುದ್ರಿಸಿದರು. 1964ರಲ್ಲಿ ಕೈರೋದಿಂದ ಪಾರಾಯಣಕ್ಕೆಂದೇ ಒಂದು ಬಾನುಲಿ ಆರಂಭವಾಯಿತು. ಉಸಿರು ಎಲ್ಲಿ ನಿಲ್ಲಬೇಕು, ಸ್ವರ ಎಷ್ಟು ಮಾತ್ರೆ ಎಳೆಯಬೇಕು ಎಂಬುದಕ್ಕೆಲ್ಲ ಆ ಓದಿನಲ್ಲಿ ಶಾಸ್ತ್ರವಿದೆ. ಅರಬ್ ಕೇಳುಗನ ಕಿವಿ ಹದಗೊಂಡದ್ದು ಅದರಿಂದ. ಆ ಕಿವಿಗೆ ಯುರೋಪಿನ ಧಾಟಿಯ ಒಂದು ಕೀರ್ತನೆ, ವಾರ್ತೆ ಓದುವ ದನಿಯಲ್ಲಿ ಬೈಬಲ್ಲಿನ ಒಂದು ಭಾಗ, ಆಮೇಲೆ ಉಪದೇಶ, ಕೊನೆಗೆ ಅಂಚೆಪೆಟ್ಟಿಗೆಯ ಸಂಖ್ಯೆ ಕೇಳಿಸಿದರೆ? ಮಾತು ಅರಬಿಯೇ ಆದರೂ ಮನೆ ಪರದೇಶದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಇದು ಮತದ ತೊಡಕಲ್ಲ. ಲೆಬನಾನಿನ ಫೈರೂಜ್ ಪೂರ್ವದ ಚರ್ಚುಗಳ ಹಳೆಯ ಧಾಟಿಯಲ್ಲಿ ಶುಭ ಶುಕ್ರವಾರದ ಶೋಕಗೀತೆಗಳನ್ನು ಹಾಡಿದ್ದಾರೆ. ಅವನ್ನು ಮನಸ್ಸಿಟ್ಟು ಕೇಳುವ ಮುಸ್ಲಿಮರು ನನ್ನ ಆಫೀಸಿನಲ್ಲೇ ಇದ್ದಾರೆ. ಶಿಲುಬೆಯ ಕಥೆಯನ್ನು ಅವರು ನಂಬುವುದಿಲ್ಲ, ಹಾಡು ಮುಗಿಯುವ ತನಕ ಎದ್ದೂ ಹೋಗುವುದಿಲ್ಲ. ಪಕ್ಕದಲ್ಲೇ ಇದ್ದ ಈ ಸಂಪತ್ತನ್ನು ಬಿಟ್ಟು ಅನುವಾದಿತ ಕೀರ್ತನೆಗಳ ಹಿಂದೆ ಹೋದದ್ದು ಕಲೆಯ ಲೆಕ್ಕದಲ್ಲೇ ದೊಡ್ಡ ನಷ್ಟ.

ಇನ್ನು ಪದಗಳು. ದೇವರಿಗೆ ಅರಬ್ ಕ್ರೈಸ್ತರೂ 'ಅಲ್ಲಾಹ್' ಎನ್ನುತ್ತಾರೆ. 1865ರಲ್ಲಿ ಬೈರೂತಿನಲ್ಲಿ ಮುಗಿದ ವ್ಯಾನ್ ಡೈಕ್ ಬೈಬಲ್ಲಿನಲ್ಲೂ ಅದೇ ಇದೆ. ಆದರೆ ಏಸುವಿಗೆ ಅವರು 'ಯಸೂಅ್' ಅಂದರೆ ಮುಸ್ಲಿಮರು 'ಈಸಾ' ಅನ್ನುತ್ತಾರೆ. ಕನ್ನಡದಲ್ಲೂ ಹೀಗೇ: ಅವರಿಗೆ ಯೇಸು, ಮರಿಯ, ನಮಗೆ ಈಸಾ, ಮರ್ಯಮ್. 'ಪ್ರವಾದಿ' ಎಂಬ ಪದವನ್ನು ಮಾತ್ರ ಇಬ್ಬರೂ ಜಗಳವಿಲ್ಲದೆ ಹಂಚಿಕೊಂಡಿದ್ದೇವೆ. ಪ್ರಸಾರಕರಲ್ಲಿ ಒಂದು ಬಣ 'ಈಸಾ' ಎಂದೇ ಕರೆದು, ಕುರ್‌ಆನಿನ ನುಡಿಗಟ್ಟು ಬಳಸಿ ಒಳಗೆ ಬರಬೇಕೆಂದಿತು. ಇನ್ನೊಂದು ಬಣ ತನ್ನ ಪದ ಬಿಡಲಿಲ್ಲ. ನನಗೆ ಎರಡನೆಯವರ ಮೇಲೇ ಹೆಚ್ಚು ಗೌರವ. ಕುರ್‌ಆನಿನ ಈಸಾ ಶಿಲುಬೆಗೇರುವುದಿಲ್ಲ, ದೇವರ ಮಗನೂ ಅಲ್ಲ. ಅದನ್ನು ಮುಚ್ಚಿಟ್ಟು ಹೆಸರನ್ನಷ್ಟೇ ಎರವಲು ಪಡೆದು ಮಾತಾಡಿದರೆ ಐದನೇ ನಿಮಿಷದಲ್ಲಿ ಕೇಳುಗನಿಗೆ ಮೋಸ ಹೋದಂತೆ ಅನಿಸುತ್ತದೆ. 'ನಾವು ಹೀಗೆ ಕರೆಯುತ್ತೇವೆ, ನೀವು ಹಾಗೆ. ವ್ಯತ್ಯಾಸ ಇಲ್ಲಿದೆ' ಎಂದು ಮೊದಲೇ ಹೇಳಿದವನ ಮಾತನ್ನು ಒಪ್ಪದೆಯೂ ಕೇಳಬಹುದು.

ಉಪಗ್ರಹ ಟಿವಿ ಬಂದ ಮೇಲೆ ಬೈಗುಳದ ಧಾಟಿಯೂ ಬೆಳೆಯಿತು. ಕೋಪ್ಟಿಕ್ ಪಾದ್ರಿ ಝಕರಿಯಾ ಬುತ್ರುಸ್ ಅರಬಿ ವಾಹಿನಿಯಲ್ಲಿ ಪ್ರವಾದಿಯವರನ್ನು ಪ್ರಶ್ನಿಸುತ್ತಾ ಪ್ರಸಿದ್ಧರಾದರು. ನಮ್ಮವರಿಗೂ ಇದೇ ರೋಗ. 1986ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಅಹ್ಮದ್ ದೀದಾತ್ ಮತ್ತು ಜಿಮ್ಮಿ ಸ್ವಾಗರ್ಟ್ ನಡುವೆ ನಡೆದ ವಾದದ ಕ್ಯಾಸೆಟ್ ಕೈಯಿಂದ ಕೈಗೆ ದಾಟಿತು. ಕುಸ್ತಿ ನೋಡಿದಷ್ಟೇ ಖುಷಿ. ಎದುರಾಳಿಯ ಕಡೆಯವನೊಬ್ಬ ಅದನ್ನು ಕೇಳುತ್ತಿದ್ದಾನೆ ಎಂಬ ಎಚ್ಚರ ಎರಡೂ ಕಡೆ ಇರಲಿಲ್ಲ.

ಆ ಎಚ್ಚರ ಇದ್ದ ಒಂದು ಕೇಂದ್ರವಿತ್ತು ಎಂಬುದಕ್ಕೇ ಈ ಲೇಖನ. ಲೂಥರನ್ ವಿಶ್ವ ಒಕ್ಕೂಟ 1963ರ ಫೆಬ್ರವರಿಯಲ್ಲಿ ಆಡಿಸ್ ಅಬಾಬದಲ್ಲಿ 'ರೇಡಿಯೋ ವಾಯ್ಸ್ ಆಫ್ ದಿ ಗಾಸ್ಪೆಲ್' ಆರಂಭಿಸಿತು. ಉದ್ಘಾಟಿಸಿದವರು ಚಕ್ರವರ್ತಿ ಹೈಲೆ ಸೆಲಾಸಿ. ತಲಾ 100 ಕಿಲೋವಾಟ್‌ನ ಎರಡು ಶಾರ್ಟ್ ವೇವ್ ಟ್ರಾನ್ಸ್‌ಮಿಟರ್‌ಗಳು. ಅಲ್ಲಿನ ನಿಯಮ ಹೀಗಿತ್ತು: ಧಾರ್ಮಿಕ ಕಾರ್ಯಕ್ರಮಕ್ಕೆ ಶೇಕಡಾ 30, ಉಳಿದ 70 ಸುದ್ದಿ, ಶಿಕ್ಷಣ, ಆರೋಗ್ಯ, ಬೇಸಾಯ, ಸಂಗೀತಕ್ಕೆ. ಕಾರ್ಯಕ್ರಮಗಳೆಲ್ಲವೂ ಆಡಿಸ್ ಅಬಾಬದಲ್ಲೇ ತಯಾರಾಗುತ್ತಿರಲಿಲ್ಲ. ಹೆಚ್ಚಿನವನ್ನು ಆಯಾ ಭಾಷೆಯ ನೆಲದಲ್ಲೇ ಸ್ಟುಡಿಯೋ ಹಾಕಿ, ಅಲ್ಲಿನವರ ದನಿಯಲ್ಲಿ ಟೇಪ್ ಮಾಡಿ ಕಳಿಸುತ್ತಿದ್ದರು. ಕ್ಯಾಮರೂನಿನ ಎನ್‌ಗಾವುಂಡೆರೆಯ 'ಸಾವ್ತು ಲಿಂಜೀಲಾ' ಸ್ಟುಡಿಯೋ ದನಗಾಹಿ ಫುಲಾನಿ ಮುಸ್ಲಿಮರ ಭಾಷೆಯಲ್ಲಿ ಮಾತಾಡಿದ್ದು ಹೀಗೆ.

'70 ಎಂಬುದು ಗಾಳದ ಎರೆ' ಎಂದು ನಮ್ಮವರು ಹೇಳಿಯಾರು. 'ಅಷ್ಟು ಪ್ರಸಾರ ಸಮಯ ದಂಡ' ಎಂದು ಆ ಕಡೆಯ ಕಟ್ಟಾ ಪ್ರಚಾರಕರು ಗೊಣಗಿದ್ದೂ ಉಂಟು. ನನಗನಿಸುವುದು ಬೇರೆ. ಎರೆಯನ್ನು ಕೊಕ್ಕೆಯಿಂದ ಬಿಡಿಸಿ ತಿನ್ನಲಾಗುವುದಿಲ್ಲ. ಇಲ್ಲಿ ದನದ ಕಾಯಿಲೆಯ ಮಾತನ್ನೋ ವಾರ್ತೆಯನ್ನೋ ಕೇಳಿ, ಉಪದೇಶ ಶುರುವಾದಾಗ ಗುಂಡಿ ತಿರುಗಿಸಿ ಎದ್ದುಹೋಗಲು ಕೇಳುಗನಿಗೆ ಅಡ್ಡಿಯೇ ಇರಲಿಲ್ಲ. ಕೊಟ್ಟದ್ದು ಅವನ ಬಳಿಯೇ ಉಳಿಯಿತು. 1977ರ ಮಾರ್ಚ್‌ನಲ್ಲಿ ಇಥಿಯೋಪಿಯಾದ ಸೈನಿಕ ಸರ್ಕಾರ ಕೇಂದ್ರವನ್ನು ವಶಪಡಿಸಿಕೊಂಡು 'ಕ್ರಾಂತಿಕಾರಿ ಇಥಿಯೋಪಿಯಾದ ಧ್ವನಿ' ಎಂದು ಹೆಸರು ಬದಲಿಸಿತು. ಅಲ್ಲಿಗೆ ಹದಿನಾಲ್ಕು ವರ್ಷದ ಪ್ರಯೋಗ ಮುಗಿಯಿತು.

ಮಿಕ್ಕವರು ಇದನ್ನೇಕೆ ಅನುಸರಿಸಲಿಲ್ಲ? ಉತ್ತರಕ್ಕೆ ಕಾರ್ಯಕ್ರಮ ಕೇಳಬೇಕಿಲ್ಲ, ವರದಿ ಓದಿದರೆ ಸಾಕು. ಈ ಪ್ರಸಾರಗಳು ನಡೆಯುವುದು ದಾನದಿಂದ. ದಾನಿ ಕೂತಿರುವುದು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ. ಅವನಿಗೆ ಅರಬಿ ಬಾರದು, ಪ್ರಸಾರ ಅವನಿಗೆ ಕೇಳಿಸುವುದೂ ಇಲ್ಲ. ಕೊಟ್ಟ ಹಣಕ್ಕೆ ಏನಾಯಿತು ಎಂದು ಅವನು ಕೇಳಿದರೆ ತೋರಿಸಲು ಒಂದು ವೋಚರ್ ಬೇಕು. ಆ ವೋಚರೇ ಕೇಳುಗನ ಪತ್ರ. ಅದಕ್ಕೇ ಪ್ರತಿ ಕಾರ್ಯಕ್ರಮದ ಕೊನೆಗೆ ವಿಳಾಸ, ಉಚಿತ ಪುಸ್ತಕ, ಅಂಚೆ ಪಾಠ. ಬಂದ ಪತ್ರದ ಎರಡು ಸಾಲು ಹೆಸರಿಲ್ಲದೆ ಸುದ್ದಿಪತ್ರದಲ್ಲಿ ಅಚ್ಚಾಗುತ್ತದೆ. ಆಡಿಟ್ ಮಾಡುವವರಿಗೆಲ್ಲ ಪರಿಚಯದ ಸಂಗತಿ ಇದು: ಯಾವುದನ್ನು ಎಣಿಸಲಾಗುತ್ತದೋ ಸಂಸ್ಥೆ ನಿಧಾನವಾಗಿ ಆ ಕಡೆಗೇ ವಾಲುತ್ತದೆ. ಕಾರ್ಯಕ್ರಮವನ್ನು ಪತ್ರ ಬರುವ ಹಾಗೆ ಬರೆಯಲು ತೊಡಗುತ್ತಾರೆ. ಕೇಳಿ, ಯೋಚಿಸಿ, ಸುಮ್ಮನೆ ಮಲಗಿದವನು ಯಾವ ಲೆಡ್ಜರಿನಲ್ಲೂ ಇಲ್ಲ. ಅವರ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡದಿರಬೇಕು.

ಪತ್ರಕ್ಕೆ ಕೇಳುಗ ಕೊಡುವ ಬೆಲೆಯೂ ಆ ಲೆಕ್ಕದಲ್ಲಿ ಬರುವುದಿಲ್ಲ. ಹೊರದೇಶದ ಅಂಚೆಚೀಟಿ ಹೊತ್ತ ಲಕೋಟೆ ಸಣ್ಣ ಊರಿನ ಅಂಚೆ ಕಚೇರಿಗೆ ಬಂದರೆ ಮನೆ ಸೇರುವ ಮುಂಚೆಯೇ ಊರಿಗೆಲ್ಲ ಸುದ್ದಿ. ಇರಾನಿನ ಮೆಹ್ದಿ ದಿಬಾಜ್ ರೇಡಿಯೋ ಕೇಳಿ ಮತ ಬದಲಿಸಿದವರೇನಲ್ಲ, ಆದರೆ ಅಪಾಯದ ಅಳತೆ ಅವರ ಕಥೆಯಿಂದ ಸಿಗುತ್ತದೆ. ವರ್ಷಗಟ್ಟಲೆ ಸೆರೆಯಲ್ಲಿದ್ದ ಅವರಿಗೆ 1993ರಲ್ಲಿ ಧರ್ಮತ್ಯಾಗಕ್ಕಾಗಿ ಮರಣದಂಡನೆಯಾಯಿತು. 1994ರ ಜನವರಿಯಲ್ಲಿ ಬಿಡುಗಡೆಯಾದರು, ಅದೇ ವರ್ಷ ಕೊಲೆಯಾದರು. ಅವರ ಬಿಡುಗಡೆಗೆ ದನಿ ಎತ್ತಿದ ಬಿಷಪ್ ಹೈಕ್ ಹೊವ್ಸೆಪಿಯನ್ ಅವರನ್ನೂ ಆ ಜನವರಿಯಲ್ಲೇ ಕೊಂದರು. ಇದನ್ನು ಮುಸ್ಲಿಂ ಆಗಿ ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಮನಸ್ಸು ಬದಲಿಸುವ ಹಕ್ಕಿಲ್ಲದ ಕಡೆ ಮನಸ್ಸು ಬದಲಿಸದವನ ನಂಬಿಕೆಗೂ ಬೆಲೆ ಕಟ್ಟಲಾಗದು. ಆದರೂ ಸುರಕ್ಷಿತ ಸ್ಟುಡಿಯೋದಲ್ಲಿ ಕೂತು 'ನಮಗೆ ಬರೆಯಿರಿ' ಎನ್ನುವ ಸಂಸ್ಥೆ, ಬರೆದವನಿಗೆ ಏನಾದೀತು ಎಂಬ ಬಾಬ್ತನ್ನೂ ತನ್ನ ಪುಸ್ತಕದಲ್ಲಿ ತೋರಿಸಬೇಕಿತ್ತು.

ಈಗ ಸೆಶೆಲ್ಸ್‌ನ ಕೇಂದ್ರ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಇಂಥ ಕಾರ್ಯಕ್ರಮಗಳು ಮೊಬೈಲಿಗೆ ಬಂದಿವೆ. ಯಾವ ದೇಶದಿಂದ, ಎಷ್ಟು ನಿಮಿಷ ಕೇಳಿದರು, ಎಲ್ಲಿಗೆ ನಿಲ್ಲಿಸಿದರು ಎಂಬುದು ತಾನಾಗಿ ದಾಖಲಾಗುತ್ತದೆ. ಲೆಕ್ಕಿಗನಾಗಿ ನನಗೆ ಈ ಅಂಕಿಗಳು ಹಳೆಯ ಪತ್ರಗಳಿಗಿಂತ ನಂಬಲರ್ಹವಾಗಿ ಕಾಣುತ್ತವೆ. ಕೇಳುಗನ ಜಾಗದಲ್ಲಿ ನಿಂತರೆ ಟ್ರಾನ್ಸಿಸ್ಟರ್ ಮುಳ್ಳು ತಿರುಗಿಸುತ್ತಿದ್ದ ನನ್ನ ತಂದೆಯ ಸ್ಥಿತಿಯೇ ಮೇಲು ಅನಿಸುತ್ತದೆ. ಅವರು ಯಾವ ಕೇಂದ್ರದ ಮೇಲೆ ಅರೆಕ್ಷಣ ನಿಂತರೆಂದು ಆ ಕೇಂದ್ರದವರಿಗೂ ತಿಳಿಯುತ್ತಿರಲಿಲ್ಲ, ಪಕ್ಕದ ಮನೆಯವರಿಗೂ ತಿಳಿಯುತ್ತಿರಲಿಲ್ಲ.