ಹೆಣ್ಣುದನಿಯ ಭಾಗವತಿಕೆ

ಪಾಶ್ಚಾತ್ಯರ ಆಪೆರಾದಲ್ಲಿ ಹಾಡುವವಳೇ ವೇಷ ತೊಟ್ಟು ರಂಗಕ್ಕೆ ಬರುತ್ತಾಳೆ. ತನ್ನ ಪಾತ್ರದ ಹಾಡನ್ನು ಹಾಡಿದರೆ ಅವಳ ಕೆಲಸ ಮುಗಿಯಿತು. ನಮ್ಮ ಯಕ್ಷಗಾನದಲ್ಲಿ ಹಾಗಲ್ಲ. ದೇವಿಗೂ ಮಹಿಷಾಸುರನಿಗೂ ಭಾಗವತರದ್ದೇ ದನಿ. ವೇಷ ಎಷ್ಟು ಕುಣಿಯಬೇಕು, ಮಾತು ಎಲ್ಲಿಗೆ ನಿಲ್ಲಬೇಕು ಎಂಬುದೂ ಅವರ ಕೈಯಲ್ಲೇ. ಅಂದರೆ ಇದು ಬರೀ ಹಾಡುಗಾರಿಕೆಯಲ್ಲ, ಯಜಮಾನಿಕೆ. ಹೆಣ್ಣಿಗೆ ಈ ಪೀಠ ತಡವಾಗಿ ಸಿಕ್ಕಿದ್ದೇಕೆಂದು ಬೇರೆ ಹೇಳಬೇಕೆ?

ಬಂದರಿನ ನಮ್ಮ ಓಣಿಯಿಂದ ನೆಹರೂ ಮೈದಾನಕ್ಕೆ ನಡೆದೇ ಹೋಗಬಹುದು. ಅಲ್ಲಿ ಡೇರೆ ಮೇಳಗಳ ಆಟ ನೋಡಿದ ನಮ್ಮಂಥವರಿಗೆ ಭಾಗವತರೆಂದರೆ ಗಂಡಸರೇ. ಆ ಎಣಿಕೆಯನ್ನು ಅಲುಗಿಸಿದವರು ಲೀಲಾವತಿ ಬೈಪಾಡಿತ್ತಾಯರು. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಅವರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ತೆಂಕುತಿಟ್ಟಿನ ವೃತ್ತಿ ಮೇಳಗಳ ಮೊದಲ ಮಹಿಳಾ ಭಾಗವತರೆಂದು ಎಲ್ಲರೂ ಹೊಗಳುತ್ತಾರೆ. ನನ್ನ ತಕರಾರು ಇರುವುದು ಆ ಹೊಗಳಿಕೆಯ ಬಗ್ಗೆಯೇ. ‘ಹೆಂಗಸಾಗಿಯೂ ಹಾಡಿದರು’ ಎನ್ನುವಲ್ಲಿಗೆ ನಮ್ಮ ಮೆಚ್ಚುಗೆ ನಿಂತುಬಿಡುತ್ತದೆ. ಹೇಗೆ ಹಾಡಿದರು ಎಂದು ಕೇಳುವವರು ಕಡಿಮೆ.

ಅವರು ಮೊದಲು ಕಲಿತದ್ದು ಕರ್ನಾಟಕ ಸಂಗೀತ. ಮದುವೆಯ ನಂತರ ಚೆಂಡೆ ಮದ್ದಳೆಯ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರೇ ಯಕ್ಷಗಾನದ ಗುರುಗಳಾದರು. ಸಂಗೀತ ಬಲ್ಲವರಿಗೆ ಭಾಗವತಿಕೆ ಸುಲಭವೆಂದು ನಾವು ತಿಳಿಯುತ್ತೇವೆ. ಆದರೆ ಕಲಿತದ್ದರಲ್ಲಿ ಅರ್ಧವನ್ನು ಇಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕಛೇರಿಯಲ್ಲಿ ರಾಗವನ್ನು ಮನಬಂದಷ್ಟು ಬೆಳೆಸಬಹುದು. ರಂಗಸ್ಥಳದಲ್ಲಿ ವೇಷಧಾರಿ ಕಾಯುತ್ತಿರುತ್ತಾನೆ; ಪದ್ಯದ ಅಕ್ಷರ ಅವನಿಗೆ ಸ್ಪಷ್ಟವಾಗಿ ಕೇಳಿಸದಿದ್ದರೆ ಅರ್ಥ ಹೇಳುವುದು ಹೇಗೆ? ತಾಳ ಕೊಂಚ ಜಾರಿದರೆ ಅವನ ಹೆಜ್ಜೆಯೂ ಜಾರುತ್ತದೆ. ಜೊತೆಗೆ ಚೆಂಡೆಯ ಅಬ್ಬರವನ್ನು ದಾಟಿ ದನಿ ಮೇಲೇಳಬೇಕು. ಲೀಲಾವತಿಯವರ ಹಾಡುಗಾರಿಕೆಯಲ್ಲಿ ನನಗೆ ಹಿಡಿಸುವುದು ಈ ಸಂಯಮವೇ. ರಾಗ ಶುದ್ಧವಾಗಿರುತ್ತದೆ, ಆದರೆ ಮೆರೆಯುವುದಿಲ್ಲ. ಏರುದನಿಯಲ್ಲೂ ಸಾಹಿತ್ಯ ಕರಗುವುದಿಲ್ಲ. ಗಂಡುದನಿಯನ್ನು ಅನುಕರಿಸದೆ, ತಮ್ಮ ಶ್ರುತಿಯಲ್ಲೇ ವೀರರಸವನ್ನೂ ಹಾಡಿದರು. ಹೆಣ್ಣುದನಿಗೆ ಕರುಣ, ಶೃಂಗಾರಗಳಷ್ಟೇ ಒಪ್ಪುತ್ತವೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹಾಗೆಂದು ಅವರ ಬದುಕನ್ನು ತೋರಿಸಿ ‘ಮನಸ್ಸಿದ್ದರೆ ಯಾವ ಹೆಣ್ಣೂ ಮಾಡಬಹುದು’ ಎಂದರೆ ನಾನು ಒಪ್ಪಲಾರೆ. ಮೇಳವೆಂದರೆ ದಿನಕ್ಕೊಂದು ಊರು, ರಾತ್ರಿಯಿಡೀ ನಿದ್ದೆಗೇಡು. ಬಟ್ಟೆ ಬದಲಿಸಲು, ಹಗಲು ಒಂದಿಷ್ಟು ಮಲಗಲು ಹೆಂಗಸಿಗೊಂದು ಮರೆ ಬೇಡವೆ? ಅರುವ, ಬಪ್ಪನಾಡು ಮುಂತಾದ ಮೇಳಗಳಲ್ಲಿ ಅವರು ತಿರುಗಾಟ ಮಾಡಿದಾಗ ಹಿಮ್ಮೇಳದಲ್ಲಿ ಪತಿಯ ಜೊತೆಯಿತ್ತು. ಗುರುವೂ ಮನೆಯಲ್ಲೇ, ದಾರಿಯ ಸಂಗಾತಿಯೂ ಅವರೇ. ಇದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ. ಆ ಅನುಕೂಲವಿಲ್ಲದೆ ಅಡುಗೆಮನೆಯಲ್ಲೇ ಉಳಿದ ಕೊರಳುಗಳು ಎಷ್ಟೋ ಎಂಬುದು ನೆನಪಾಗುತ್ತದೆ, ಅಷ್ಟೆ.

ಈಗ ಹುಡುಗಿಯರು ಭಾಗವತಿಕೆ ಕಲಿಯುತ್ತಿದ್ದಾರೆ, ವೇದಿಕೆಯಲ್ಲಿ ಹಾಡುತ್ತಿದ್ದಾರೆ. ಸಂತೋಷ. ಅವರನ್ನು ‘ಹೆಣ್ಣುಮಗಳು, ಪಾಪ, ಚೆನ್ನಾಗಿಯೇ ಹೇಳಿದಳು’ ಎಂದು ಬೆನ್ನು ತಟ್ಟಿ ಕಳಿಸಬೇಡಿ. ತಾಳ ತಪ್ಪಿದರೆ ತಪ್ಪಿತೆಂದು ಹೇಳಿ. ಚೆನ್ನಾಗಿದ್ದರೆ ಬೆಳಗಿನವರೆಗೆ ಕೂತು ಕೇಳಿ.