ಬೆನ್ನ ಹಿಂದಿನ ಜಾಗ

ಸ್ಟ್ರೀಟ್ ಫೈಟರ್ ಎಂಬ ವಿಡಿಯೊ ಗೇಮ್‌ನ ಪಂದ್ಯ ನೋಡಲು ಕೂರುವವರಿಗೆ ನನ್ನದೊಂದು ಸಲಹೆ. ಪರದೆಯ ಮೇಲ್ತುದಿಯಲ್ಲಿರುವ ಆ ಎರಡು ಆಯುಷ್ಯದ ಪಟ್ಟಿಗಳನ್ನು ರಟ್ಟಿನ ತುಂಡಿನಿಂದ ಮುಚ್ಚಿಬಿಡಿ. ಯಾರ ಜೀವ ಎಷ್ಟು ಉಳಿದಿದೆ ಎಂದು ಅವು ಹೇಳುತ್ತವೆ, ನಿಜ. ಆದರೆ ಅದು ಆಗಿಹೋದದ್ದರ ಲೆಕ್ಕ. ಇನ್ನು ಹತ್ತು ಸೆಕೆಂಡಿನಲ್ಲಿ ಏನಾದೀತು ಎನ್ನುವುದಕ್ಕೆ ನೆಲ ನೋಡಬೇಕು: ಇಬ್ಬರ ಪಾದಗಳ ನಡುವೆ ಎಷ್ಟು ಅಂತರವಿದೆ, ಅದಕ್ಕಿಂತ ಮುಖ್ಯವಾಗಿ ಯಾರ ಬೆನ್ನ ಹಿಂದೆ ಎಷ್ಟು ಜಾಗ ಉಳಿದಿದೆ.

ಈ ಆಟದಲ್ಲಿ ಹೊಡೆತ ತಡೆಯಬೇಕಾದರೆ ಸ್ಟಿಕ್ ಅನ್ನು ಹಿಂದಕ್ಕೆ ಎಳೆದು ಹಿಡಿಯಬೇಕು. ಹೊಡೆತ ಬಾರದೇ ಹೋದರೆ ಅದೇ ಸ್ಟಿಕ್ ನಿಮ್ಮನ್ನು ಹಿಂದಕ್ಕೆ ನಡೆಸುತ್ತದೆ. ಕುಕ್ಕರುಗಾಲಲ್ಲಿ ಕೂತು ತಡೆದರೆ ನಡೆಯುವುದು ತಪ್ಪುತ್ತದೆ, ಆದರೆ ತಡೆದ ಪ್ರತಿ ಒದೆತವೂ ಒಂದಿಷ್ಟು ಹಿಂದೆ ತಳ್ಳುತ್ತದೆ. 1991ರ ಸ್ಟ್ರೀಟ್ ಫೈಟರ್ 2ರಿಂದ ಇವತ್ತಿನ ಆರನೆಯದರವರೆಗೆ ಈ ಕಟ್ಟಳೆ ಹಾಗೇ ಇದೆ. ಹೆದರಿದವನನ್ನು ಯಾರೂ ಅಟ್ಟಬೇಕಿಲ್ಲ, ಅವನ ರಕ್ಷಣೆಯೇ ಅವನನ್ನು ಮೂಲೆಗೆ ಒಯ್ಯುತ್ತದೆ. ಇಷ್ಟು ಸರಳವಾದ ನಿಯಮದೊಳಗೆ ಇಷ್ಟು ದೊಡ್ಡ ಒತ್ತಡವನ್ನು ಹುದುಗಿಸಿದ ಆಟ ಇನ್ನೊಂದನ್ನು ನಾನು ಕಾಣೆ.

ನಡುಅಂಗಳದ ಹೋರಾಟಕ್ಕೆ ಆಟಗಾರರು ಫುಟ್ಸೀಸ್ ಎನ್ನುತ್ತಾರೆ. ಕಬಡ್ಡಿಯ ರೈಡರ್ ಡಿಫೆಂಡರ್‌ನ ಕೈಗೆ ಒಂದು ಗೇಣು ಆಚೆ ಕಾಲು ಚಾಚಿ ಹಿಂತೆಗೆಯುತ್ತಾನಲ್ಲ, ಅದೇ ಇದು. ಚಾಚಿದ ಕಾಲು ಮರಳಿ ಬರುವ ಮುನ್ನ ಅದಕ್ಕೂ ಹೊಡೆಯಬಹುದು. ಹಾಗಾಗಿ ಒಳ್ಳೆಯ ಆಟಗಾರ ಎದುರಾಳಿಯ ಅತಿ ಉದ್ದದ ಒದೆತಕ್ಕೆ ಕೂದಲೆಳೆಯಷ್ಟು ಹೊರಗೆ ನಿಂತು, ಅದು ಗಾಳಿಗೆ ಬೀಳಲೆಂದು ಕಾಯುತ್ತಾನೆ. ಸುಮ್ಮನೆ ಹಿಂದೆ ಮುಂದೆ ಓಲಾಡಿದಂತೆ ಕಾಣುವ ಆ ನಡಿಗೆಯಲ್ಲಿ ಒಂದೊಂದು ಹೆಜ್ಜೆಯೂ ಒಂದು ಪ್ರಶ್ನೆ. ಆದರೆ ಈ ಓಲಾಟಕ್ಕೆ ಹಿಂದೆ ಜಾಗ ಬೇಕು. ಒದೆತ ತಪ್ಪಿಸಲು ಹಿಂದಿಟ್ಟ ಹೆಜ್ಜೆಯನ್ನು ಮುಂದೆ ಬಂದು ಗಳಿಸಿಕೊಳ್ಳದಿದ್ದರೆ ಒಂದು ಹೊತ್ತಿನಲ್ಲಿ ಆ ಜಾಗದ ಗಂಟು ಖಾಲಿಯಾಗುತ್ತದೆ.

ಖಾಲಿಯಾದರೆ ಏನಾಗುತ್ತದೆ ಎಂಬುದನ್ನು 2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6 ನಿರ್ದಯವಾಗಿ ತೋರಿಸುತ್ತದೆ. ನಡುಅಂಗಳದಲ್ಲಿ ಎತ್ತಿ ಎಸೆದರೆ ಎದುರಾಳಿ ದೂರ ಬೀಳುತ್ತಾನೆ, ಇಬ್ಬರಿಗೂ ಉಸಿರಾಡಲು ಬಿಡುವು ಸಿಗುತ್ತದೆ. ಮೂಲೆಯಲ್ಲಿ ಎಸೆದರೆ ಅವನು ಬೀಳುವುದು ಕಾಲಬುಡದಲ್ಲೇ. ಅನೇಕ ಪಾತ್ರಗಳು ಅವನು ಏಳುವಷ್ಟರಲ್ಲಿ ಮತ್ತೆ ಎಸೆಯಲು ಸಿದ್ಧವಾಗಿರುತ್ತವೆ. ಎಸೆತಕ್ಕೆ ಹೆದರಿ ಗುಂಡಿ ಒತ್ತಿದರೆ ಹೊಡೆತ, ಹೊಡೆತಕ್ಕೆ ಹೆದರಿ ತಡೆದು ಕೂತರೆ ಮತ್ತೆ ಎಸೆತ. ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಗುದ್ದನ್ನು ಬಯಲಲ್ಲಿ ತಡೆದವನಿಗೆ ಅಂಥ ಅಪಾಯವಿಲ್ಲ. ಮೂಲೆಯಲ್ಲಿ ತಡೆದರೂ ಗೋಡೆಗೆ ಅಪ್ಪಳಿಸುತ್ತಾನೆ. ಇಂಥ ಹೊಡೆತಗಳಿಗೆ ಶಕ್ತಿ ಕೊಡುವ, ಆರು ಕಡ್ಡಿಗಳ ಅವನ ಡ್ರೈವ್ ಪಟ್ಟಿ ಬರಿದಾಗಿದ್ದರಂತೂ ತಲೆತಿರುಗಿ ನಿಂತುಬಿಡುತ್ತಾನೆ, ಆಮೇಲೆ ಎದುರಾಳಿ ಮಾಡಿದ್ದೇ ಮಾಟ. ಆದ್ದರಿಂದ ಆಯುಷ್ಯ ಅರ್ಧವಿದ್ದು ಬಯಲಲ್ಲಿ ನಿಂತವನೇ, ಆಯುಷ್ಯ ತುಂಬಿದ್ದು ಮೂಲೆಯಲ್ಲಿ ಸಿಕ್ಕವನಿಗಿಂತ ಮೇಲು ಎಂದು ಎಷ್ಟೋ ಸಲ ನಾನು ಎಣಿಸುತ್ತೇನೆ.

ಈ ಕಣ್ಣಿನಿಂದಲೇ 2004ರ ಆ ಪ್ರಸಿದ್ಧ ಗಳಿಗೆಯನ್ನು ಮತ್ತೆ ನೋಡಬೇಕು. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಇವೊ ಟೂರ್ನಿ. ಆಟ, ಸ್ಟ್ರೀಟ್ ಫೈಟರ್ 3ರ ಥರ್ಡ್ ಸ್ಟ್ರೈಕ್. ಜಪಾನಿನ ಡೈಗೊ ಉಮೆಹರಾ ಆಡಿಸುತ್ತಿದ್ದ ಕೆನ್ ಎಂಬ ಪಾತ್ರಕ್ಕೆ ಗೆರೆಯಷ್ಟೇ ಜೀವ ಉಳಿದಿತ್ತು. ಅಮೆರಿಕದ ಜಸ್ಟಿನ್ ವಾಂಗ್‌ನ ಚುನ್‌ಲೀ ಯಾವುದೇ ವಿಶೇಷ ಹೊಡೆತ ಬಿಟ್ಟರೂ ಸಾಕು, ತಡೆದರೂ ಕೆನ್ ಸಾಯುತ್ತಾನೆ. ವಾಂಗ್ ಸೂಪರ್ ಎಂಬ ತನ್ನ ಮಹಾಹೊಡೆತ ಬಿಟ್ಟ. ಸರಸರನೆ ಬಂದ ಹದಿನೈದು ಒದೆತಗಳನ್ನೂ ಡೈಗೊ ಪ್ಯಾರಿ ಮಾಡಿದ, ಅಂದರೆ ತಾಗುವ ಗಳಿಗೆಗೆ ಸರಿಯಾಗಿ ಜೀವ ಕಳೆಯದಂತೆ ತಟ್ಟಿಹಾಕಿದ. ಕೊನೆಯದನ್ನು ಗಾಳಿಗೆ ನೆಗೆದು ಪ್ಯಾರಿ ಮಾಡಿ, ತಿರುಗಿ ಹೊಡೆದು ಗೆದ್ದ.

ಜನ ಬೆರಳಿನ ವೇಗವನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಪ್ಯಾರಿಗೆ ಸ್ಟಿಕ್ ಒತ್ತಬೇಕಾದ್ದು ಎದುರಾಳಿಯ ಕಡೆಗೆ. ಸೂಪರ್ ಹೊರಟಿತೆಂದು ಕಂಡಮೇಲೆ ಮೊದಲ ಒದೆತಕ್ಕೆ ಸಮಯವಿರುವುದಿಲ್ಲ, ಹೊರಡುವ ಮುನ್ನವೇ ಊಹಿಸಿ ಮುಂದಕ್ಕೆ ಒತ್ತಿರಬೇಕು. ಆ ಊಹೆ ಎಲ್ಲಿಂದ ಬಂತು? ಅಂತರದಿಂದ ಎಂಬುದು ನನ್ನ ಓದು. ಸಾಮಾನ್ಯ ಒದೆತಕ್ಕೆ ಸಿಗದಷ್ಟು ಹೊರಗೆ, ಸೂಪರ್‌ಗೆ ಆಸೆ ಹುಟ್ಟುವಷ್ಟು ಒಳಗೆ ಕೆನ್ ಸುಳಿದಾಡುತ್ತಿದ್ದಾನೆ. ಅಂಥ ಕಡೆ ನಿಂತವನ ಮುಂದೆ ಎದುರಾಳಿಗೆ ಉಳಿಯುವ ದಾರಿಗಳು ಕಡಿಮೆ. ಡೈಗೊ ಓದಿದ್ದು ವಾಂಗ್‌ನ ಮನಸ್ಸನ್ನು ಎನ್ನುವವರಿದ್ದಾರೆ. ಅವನು ಮೊದಲು ನೆಲವನ್ನು ಓದಿದ, ಮನಸ್ಸು ಅದರ ಮೇಲೆ ಬರೆದಿತ್ತು ಎನ್ನುತ್ತೇನೆ ನಾನು. ಅದು ಒಮ್ಮೆ ಸೋತವರ ನಡುವಿನ ಲೂಸರ್ಸ್ ಫೈನಲ್. ಅಂದಿನ ಗ್ರ್ಯಾಂಡ್ ಫೈನಲ್‌ನಲ್ಲಿ ಡೈಗೊ ತನ್ನದೇ ದೇಶದ ಕೆಂಜಿ ಒಬಾಟಾಗೆ ಸೋತ, ಇದನ್ನು ನೆನಪಿಟ್ಟುಕೊಂಡವರು ಕಡಿಮೆ.

  

ಹೀಗೆ ನೆಲ ನೋಡಲು ಕಲಿಯುವವರು ಮಾತ್ರ ಧಲ್ಸಿಮ್ ಎಂಬ ಪಾತ್ರ ಇರುವ ಪಂದ್ಯದಿಂದ ಶುರುಮಾಡಬಾರದು. ಸ್ಟ್ರೀಟ್ ಫೈಟರ್ 2ರಲ್ಲಿ ಈ ಸರಣಿಗೆ ಬಂದ ಆ ಭಾರತೀಯ ಯೋಗಿಯ ಕೈಕಾಲು ರಬ್ಬರಿನಂತೆ ಉದ್ದವಾಗುತ್ತವೆ. ಬೇರೆಯವರಿಗೆ ದೂರವೆನಿಸುವುದು ಅವನಿಗೆ ಹತ್ತಿರ, ಬೇರೆಯವರು ಬಯಸುವ ಹತ್ತಿರ ಅವನಿಗೆ ಸಂಕಟ. 1992ರ ಹೈಪರ್ ಫೈಟಿಂಗ್ ಆವೃತ್ತಿಯಲ್ಲಿ ಅವನಿಗೆ ಮಾಯವಾಗುವ ವಿದ್ಯೆ ಸಿಕ್ಕಿತು: ಒಂದು ಕಡೆ ಕರಗಿ ಇನ್ನೊಂದು ಕಡೆ ಮೂಡುತ್ತಾನೆ. ಮೂಲೆಯಿಂದ ಪಾರಾಗಲು ಇದಕ್ಕಿಂತ ಚೆಂದದ ದಾರಿ ಇಲ್ಲ ಅನಿಸಬಹುದು. ಪಳಗಿದ ಎದುರಾಳಿ ಮಾತ್ರ ಅವನು ಮರೆಯಾದ ಕಡೆ ತಿರುಗಿಯೂ ನೋಡುವುದಿಲ್ಲ. ಧಲ್ಸಿಮ್ ಮೂಡಬಹುದಾದ ಜಾಗಗಳು ಬೆರಳೆಣಿಕೆಯಷ್ಟೇ, ಅವುಗಳಲ್ಲಿ ಒಂದನ್ನು ಆರಿಸಿ ಅಲ್ಲಿಗೆ ಆಗಲೇ ಒದ್ದಿರುತ್ತಾನೆ.